ಪೈಲಟ್ ಅರ್ಜಿಯ ಕಳ್ಳ

"ಚಿಕ್ಕಮ್ಮಾ, ನನ್ನ ಫೈಲನ್ನ ಯಾರೋ ಕದ್ದುಬಿಟ್ಟಿದ್ದಾರೆ!"

ಬೆಳಗ್ಗೆ ಏಳೂವರೆ. ವಾರಕ್ಕೊಂದೇ ರಜೆ ನನಗೆ, ಅದೂ ಹೀಗೆ ಶುರುವಾಯಿತು. ಫೋನಿನಲ್ಲಿದ್ದವಳು ಅಕ್ಕನ ಮಗಳು ಬುಗುರಿ. ಒಂದು ಕಡೆ ನಿಲ್ಲುವ ಜಾಯಮಾನವಲ್ಲ, ಅದಕ್ಕೇ ಆ ಹೆಸರು.

"ಯಾವ ಫೈಲೇ?"

"ಪೈಲಟ್ ಟ್ರೈನಿಂಗ್ ಅರ್ಜಿ! ಸಂಜೆ ನಾಲ್ಕಕ್ಕೆ ಅಕಾಡೆಮಿಯವರು ತಗೊಂಡು ಹೋಗೋಕೆ ಬರ್ತಾರೆ. ಕೊನೇ ಸೀಟಂತೆ. ಕೊಡದಿದ್ರೆ ಸೀಟು ಹೋಯ್ತು, ನನ್ನ ಜೀವನಾನೇ ಹೋಯ್ತು!"

"ಜೀವನ ಎಲ್ಲೂ ಹೋಗಲ್ಲ. ಏನೂ ಮುಟ್ಟಬೇಡ. ಬಂದೆ."

ನಾನು ಪೊಲೀಸಲ್ಲ. ವಿಮಾನ ನಿಲ್ದಾಣದಲ್ಲಿ ಕಳೆದುಹೋದ ಲಗೇಜಿನ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಯಾವ ಪೆಟ್ಟಿಗೆ ಎಲ್ಲಿಗೆ ಹೋಗಿರಬಹುದೆಂದು ಅದರ ಒಡೆಯನ ಮುಖ ನೋಡಿಯೇ ಹೇಳಬಲ್ಲೆ. ಸ್ವಲ್ಪ ಜಂಬ ಅಂದುಕೊಳ್ಳಿ, ಪರವಾಗಿಲ್ಲ. ಭಾವ ನನ್ನನ್ನು 'ಪೊಲೀಸಮ್ಮ' ಎಂದೇ ಕರೆಯುತ್ತಾರೆ.

ಆ ಮನೆಯಲ್ಲಿ ಮೂರು ವಾರದಿಂದ ಒಂದೇ ಮಾತು. ಬುಗುರಿ ದೊಡ್ಡ ವಿಮಾನ ಹಾರಿಸಬೇಕು. ಅದು ಖಂಡಿತ. ಆದರೆ ಶುರು ಮಾಡುವುದು ಹೇಗೆ? ಅಕಾಡೆಮಿಗೆ ಸೇರಿದರೆ ಎರಡು ವರ್ಷ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಕಲಿಸಿ ಕಳಿಸುತ್ತಾರೆ. ಫ್ಲೈಯಿಂಗ್ ಕ್ಲಬ್ಬಿಗೆ ಸೇರಿದರೆ ಒಂದೊಂದೇ ಲೈಸೆನ್ಸು, ಒಂದೊಂದೇ ಮೆಟ್ಟಿಲು. ಬುಗುರಿಗೆ ಮೆಟ್ಟಿಲು ಹತ್ತುವ ತಾಳ್ಮೆ ಎಲ್ಲಿಂದ ಬರಬೇಕು? ಅಕಾಡೆಮಿಯ ಕರಾರಿಗೆ ಸಹಿ ಹಾಕಿ ಫೈಲು ಸಿದ್ಧಮಾಡಿ ಇಟ್ಟಿದ್ದಳು.

\* \* \*

ಬುಗುರಿಯ ಕೋಣೆ. ಕಿಟಕಿ ಭದ್ರ. ಚಿಲಕ ಭದ್ರ. ಪುಸ್ತಕದ ಕಪಾಟಿನಲ್ಲಿ ಎರಡು ಅಟ್ಲಾಸುಗಳ ನಡುವೆ ಫೈಲಿನಷ್ಟೇ ಅಗಲದ ಸಂದು.

ಕಳೆದ ವಸ್ತು ಹುಡುಕುವಾಗ ಎಲ್ಲರೂ ವಸ್ತುವನ್ನು ಹುಡುಕುತ್ತಾರೆ. ನಾನು ಅದು ಇದ್ದ ಜಾಗವನ್ನು ನೋಡುತ್ತೇನೆ. ಸಂದಿನಲ್ಲಿ ಕೈಯಾಡಿಸಿದೆ. ತಣ್ಣಗೆ ಏನೋ ತಗುಲಿತು. ಹಿತ್ತಾಳೆಯ ಪುಟ್ಟ ಬಿಲ್ಲೆ. ಮೇಲೊಂದು ತೂತು. ನಡುವೆ ಕೆತ್ತಿದ ಅಂಕೆ: 14.

"ಇದು ಯಾರದು?"

"ಯಾವುದೋ ಬೀಗದ ಕೈದಿರಬೇಕು," ಎಂದಳು ಬುಗುರಿ.

"ಹಳೇ ಸೂಟ್‌ಕೇಸಿಂದು ಬಿಡೇ," ಎಂದಳು ಅಕ್ಕ. ಅಷ್ಟು ಹೇಳಿ ತನ್ನ ಕೋಣೆಯ ಕಡೆ ಕಳ್ಳನೋಟ ಬೀರಿದಳು. ನಾನು ಬಿಡುತ್ತೇನೆಯೇ?

"ರಾತ್ರಿ ಯಾರ‍್ಯಾರು ಬಂದಿದ್ರು?"

"ಕ್ಲಬ್ಬಿನ ಕ್ಯಾಪ್ಟನ್ ಅಜ್ಜ ಬಂದಿದ್ರು. ಅಕಾಡೆಮಿ ಬೇಡ, ಕ್ಲಬ್ಬಿಗೆ ಬಾ ಅಂತ ಒಂದು ಗಂಟೆ ಕೊರೆದ್ರು."

"ಭಾವ ಎಲ್ಲಿ?"

"ಆರಕ್ಕೇ ಡ್ಯೂಟಿಗೆ ಹೋದರು."

ಭಾವನಿಗೆ ವಿಮಾನ ರಿಪೇರಿ ಮಾಡುವ ದೊಡ್ಡ ಹ್ಯಾಂಗರಿನಲ್ಲಿ ಕೆಲಸ. ಬಿಳಿ ಅಂಗಿ, ಕಪ್ಪು ಪ್ಯಾಂಟು, ದಿನಕ್ಕೆ ಹತ್ತು ಮಾತು. ಅವರನ್ನು ಪಕ್ಕಕ್ಕಿಟ್ಟೆ. ಮೊದಲು ಅಕ್ಕ. ಮೂರು ವಾರದಿಂದ "ಹುಡುಗಿ ಆಕಾಶಕ್ಕೆ ಹೋಗೋದು ಬೇಡವೇ ಬೇಡ" ಎಂದು ಗಂಟಲು ಹರಿದುಕೊಂಡಿದ್ದವಳು ಅವಳೇ ತಾನೆ?

"ಅಕ್ಕ, ಬೀರು ತೆಗಿ."

"ಯಾಕೆ? ನನ್ನ ಬೀರು, ನನ್ನಿಷ್ಟ."

"ತೆಗೀತೀಯಾ, ನಾನೇ ತೆಗೀಲಾ?"

ತೆಗೆದಳು. ಫೈಲು ಇರಲಿಲ್ಲ. ಬಿಳಿ ಅಂಗಿಯೊಂದು ನೇತಾಡುತ್ತಿತ್ತು. ಭುಜದ ಮೇಲೆ ಪೈಲಟ್ ಪಟ್ಟಿ ತೊಡಿಸಲು ಅಚ್ಚುಕಟ್ಟಾದ ಹೊಲಿಗೆ. ಗುಂಡಿ ಇನ್ನೂ ಬಾಕಿ.

"ಮೊದಲನೇ ದಿನ ಕೊಡೋಣ ಅಂತ ಹೊಲೀತಿದ್ದೆ," ಎಂದಳು ಅಕ್ಕ ನೆಲ ನೋಡುತ್ತ. "ತೋಳು ಸ್ವಲ್ಪ ಉದ್ದ ಆಗಿದೆ ಕಣೇ."

ಬುಗುರಿ ಅಮ್ಮನನ್ನು ತಬ್ಬಿಕೊಂಡು ಗಿರ‍್ರನೆ ತಿರುಗಿಸಿಬಿಟ್ಟಳು. ನನಗೂ ಕಣ್ಣು ತುಂಬಿತು. ಆದರೆ ಗಂಟೆ ಹತ್ತಾಗಿತ್ತು. ಬಿಲ್ಲೆ ಜೇಬಿಗಿಳಿಸಿ ಹೊರಟೆ.

\* \* \*

ಫ್ಲೈಯಿಂಗ್ ಕ್ಲಬ್ ಎಂದರೆ ಒಂದು ತಗಡಿನ ಶೆಡ್ಡು, ಎರಡು ಪುಟ್ಟ ವಿಮಾನ, ಒಬ್ಬ ಕ್ಯಾಪ್ಟನ್ ಅಜ್ಜ. ಅಜ್ಜ ವಿಮಾನದ ಗಾಜು ಒರೆಸುತ್ತಿದ್ದರು.

"ಅಜ್ಜ, ನಮ್ಮ ಹುಡುಗಿ ಫೈಲು ಎಲ್ಲಿಟ್ಟಿದೀರಿ?"

"ನಾನ್ಯಾಕಮ್ಮ ಕದೀಲಿ?" ಅಜ್ಜ ನಕ್ಕುಬಿಟ್ಟರು. "ಕಾಗದ ಕದ್ರೆ ಮನಸ್ಸು ಬದಲಾಗುತ್ತಾ? ನಾನು ಹೇಳಿದ್ದು ಎರಡೇ ಮಾತು. ಸಹಿಗಿಂತ ಮೊದಲು ಮೆಡಿಕಲ್ ಟೆಸ್ಟ್ ಮಾಡಿಸು. ಆಮೇಲೆ ಒಂದು ಸಲ ಹಾರಿ ನೋಡು. ಇವೆರಡೂ ಆಗದೆ ಯಾವ ಕರಾರಿಗೂ ಕೈ ಹಾಕಬೇಡ ಅಂದೆ. ಕೇಳಬೇಕಲ್ಲ!"

ಮಾತು ಸರಿಯಾಗೇ ಇತ್ತು. ಆಗಲೇ ಅಜ್ಜನ ಬೆನ್ನ ಹಿಂದಿನ ಗೋಡೆ ನನ್ನ ಕಣ್ಣಿಗೆ ಬಿತ್ತು. ದೊಡ್ಡ ಹಲಗೆ. ಸ್ಪ್ಯಾನರು, ಇಕ್ಕಳ, ಸುತ್ತಿಗೆ, ಒಂದೊಂದಕ್ಕೂ ಅದರದೇ ಆಕಾರ ಬರೆದ ಜಾಗ. ಒಂದು ಸ್ಪ್ಯಾನರಿನ ಜಾಗ ಖಾಲಿ. ಅಲ್ಲೊಂದು ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ಅಂಕೆ 3.

"ಅದೇನು?"

"ಉಪಕರಣ ತಗೊಂಡೋರು ಆ ಜಾಗದಲ್ಲಿ ತಮ್ಮ ಬಿಲ್ಲೆ ಬಿಡಬೇಕು. ಸ್ಪ್ಯಾನರ್ ಇಂಜಿನ್ ಒಳಗೇ ಉಳಿದುಬಿಟ್ರೆ ಗತಿ ಏನು? ಯಾರ ಹತ್ರ ಇದೆ ಅಂತ ಗೊತ್ತಾಗಬೇಕಲ್ಲ."

ಜೇಬಿನ ಬಿಲ್ಲೆ ತೆಗೆದು ತೋರಿಸಿದೆ.

"ಹದಿನಾಲ್ಕಾ? ನಮ್ಮಲ್ಲಿರೋದೇ ಆರು ಜನ. ಇದು ದೊಡ್ಡ ಹ್ಯಾಂಗರಿಂದು."

ನಾನು ಶೆಡ್ಡು ಅದುರುವಂತೆ ನಕ್ಕೆ. ಅಜ್ಜ ಗಾಬರಿಯಾಗಿ ಕುರ್ಚಿ ಕೊಟ್ಟರು.

ಅಲ್ಲೇ ಕೂತು ಇನ್ನೊಂದು ಕೆಲಸ ಮುಗಿಸಿದೆ. ಅಕಾಡೆಮಿಗೆ ಫೋನು ಮಾಡಿ, ಯಾರೋ ಬೇರೆ ಹುಡುಗಿಯ ಚಿಕ್ಕಮ್ಮನಂತೆ ದನಿ ಬದಲಿಸಿ, ಸೀಟು ಇದೆಯೇ ಎಂದು ಕೇಳಿದೆ.

"ಧಾರಾಳವಾಗಿ ಇದೆ ಮೇಡಂ. ಈ ಬ್ಯಾಚಿಗೂ ಇದೆ, ಮುಂದಿನ ಬ್ಯಾಚಿಗೂ ಇದೆ."

ಕೊನೇ ಸೀಟಂತೆ, ಕೊನೇ ಸೀಟು!

\* \* \*

ಮಧ್ಯಾಹ್ನ ಮೂರು. ಭಾವ ಡ್ಯೂಟಿ ಮುಗಿಸಿ ಬಂದು ಷೂ ಬಿಚ್ಚುತ್ತಿದ್ದರು. ಬುಗುರಿ ನಡುಮನೆಯ ಉದ್ದಗಲ ಅಳೆಯುತ್ತಿದ್ದಳು. ನಾನು ಬಿಲ್ಲೆಯನ್ನು ಟೀಪಾಯಿ ಮೇಲೆ ಟಣ್ಣನೆ ಇಟ್ಟೆ.

ಭಾವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ.

"ಸಿಕ್ಕಿಬಿದ್ರಿ ಭಾವ."

"ಅಪ್ಪಾ?" ಬುಗುರಿ ಗಕ್ಕನೆ ನಿಂತಳು. ಅವಳು ನಿಂತದ್ದಕ್ಕೇ ನಮಗೆಲ್ಲ ದಿಗಿಲಾಯಿತು.

"ಹೊರಗಿನ ಕಳ್ಳ ಬಂದ ಗುರುತಿಲ್ಲ," ಎಂದೆ. "ಅಕ್ಕನಿಗೆ ಮನಸ್ಸಿಲ್ಲ ಅಂತ ಅಂದ್ಕೊಂಡಿದ್ವಿ, ಅವಳು ಆಗಲೇ ಅಂಗಿ ಹೊಲೀತಿದ್ದಾಳೆ. ಕ್ಯಾಪ್ಟನ್ ಅಜ್ಜ ಬಾಯಲ್ಲೇ ಜಗಳ ಆಡೋರು, ಕೈಯಲ್ಲಲ್ಲ. ಉಳಿದೋರು ಒಬ್ರೇ. ಹ್ಯಾಂಗರಿನಲ್ಲಿ ಇಪ್ಪತ್ತಾರು ವರ್ಷ ಏನೇ ತಗೊಂಡ್ರೂ ಬಿಲ್ಲೆ ಇಟ್ಟು ಅಭ್ಯಾಸ. ಕದಿಯೋವಾಗಲೂ ಕೈ ಸುಮ್ಮನಿರಲಿಲ್ಲ. ಫೈಲು ತೆಗೆದರು, ಬಿಲ್ಲೆ ಇಟ್ಟರು. ಇಂಥ ಪ್ರಾಮಾಣಿಕ ಕಳ್ಳನ್ನ ನಾನು ಹತ್ತೊಂಬತ್ತು ವರ್ಷದಲ್ಲಿ ನೋಡಿಲ್ಲ!"

ಭಾವ ಚೀಲದಿಂದ ಫೈಲು ತೆಗೆದರು. ದಾರದಲ್ಲಿ ಒಂದು ಚೀಟಿ ಕಟ್ಟಿತ್ತು: 'ತಪಾಸಣೆ ಬಾಕಿ. ಬಳಸಬಾರದು.'

"ಅನುಮಾನ ಇರೋ ಬಿಡಿಭಾಗಕ್ಕೆ ಹೀಗೇ ಮಾಡ್ತೀವಿ," ಎಂದರು. "ಒಂಬತ್ತನೇ ಪುಟ ಓದು."

ಬುಗುರಿ ಓದಿದಳು. ಸೇರಿದ ಮೇಲೆ ಮೆಡಿಕಲ್‌ನಲ್ಲಿ ಫೇಲಾದರೆ ಸೀಟೂ ಇಲ್ಲ, ಕಟ್ಟಿದ ದುಡ್ಡೂ ವಾಪಸ್ಸಿಲ್ಲ.

"ನಾನ್ಯಾಕಪ್ಪ ಫೇಲಾಗ್ತೀನಿ? ಕಲ್ಲುಗುಂಡಿನ ಹಾಗಿದೀನಿ!"

"ನಾನೂ ಹಾಗೇ ಇದ್ದೆ." ಭಾವ ಚೀಟಿಯ ದಾರ ಸುತ್ತುತ್ತ ಕೂತರು. "ಇಪ್ಪತ್ತನೇ ವಯಸ್ಸು. ಪೈಲಟ್ ಆಗೋಕೆ ಸೇರಿದ್ದೆ. ನಲವತ್ತು ದಿನ ಆದಮೇಲೆ ಮೆಡಿಕಲ್‌ಗೆ ಕಳಿಸಿದರು. ಚುಕ್ಕೆ ಚುಕ್ಕೆ ಇರೋ ಪುಸ್ತಕ ತೋರಿಸಿ ಯಾವ ಅಂಕೆ ಅಂತ ಕೇಳಿದರು. ನನಗೆ ಚುಕ್ಕೆ ಬಿಟ್ಟು ಏನೂ ಕಾಣಲಿಲ್ಲ. ಕೆಂಪು, ಹಸಿರು ಎರಡೂ ನನಗೆ ಒಂದೇ ಥರ. ಅವತ್ತೇ ಟ್ರಂಕು ಹೊತ್ತು ವಾಪಸ್ ಬಂದೆ. ಹಾಸ್ಟೆಲ್ ಊಟ ಹಿಡಿಸಲಿಲ್ಲ ಅಂತ ಎಲ್ಲರಿಗೂ ಸುಳ್ಳು ಹೇಳಿದೆ."

ಭಾವ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ರೀ!" ಅಕ್ಕ ಬಾಯಿಗೆ ಕೈ ಇಟ್ಟಳು. "ಕೆಂಪು ಸೋಫಾ ಕವರ್ ತನ್ನಿ ಅಂದ್ರೆ ಹಸಿರು ತಂದ್ರಲ್ಲ... ಹತ್ತು ವರ್ಷ ಬೈದಿದೀನಲ್ರೀ ಅದಕ್ಕೆ!"

"ಬಾಯಿಬಿಟ್ಟು ಹೇಳಬಹುದಿತ್ತಲ್ಲಪ್ಪ," ಎಂದಳು ಬುಗುರಿ.

"ರಾತ್ರಿಯೆಲ್ಲ ಹೇಳೋಣ ಅಂತಿದ್ದೆ. ಬಾಯಿ ಬರಲಿಲ್ಲ. ನನ್ನಿಂದ ನಿನಗೂ ಬಂದಿದ್ರೆ ಅಂತ ಹೆದರಿಕೆ. ನಾನು ಬಂದ ಹಾಗೆ ನೀನು ಟ್ರಂಕು ಹೊತ್ತು ಬರೋದು ನನ್ನ ಕೈಲಿ ನೋಡೋಕಾಗಲ್ಲ ಮಗಳೇ."

ಸರಿಯಾಗಿ ನಾಲ್ಕಕ್ಕೆ ಟೈ ಕಟ್ಟಿದ ಅಕಾಡೆಮಿಯವನು ಗಂಟೆ ಒತ್ತಿದ. "ಕೊನೇ ಸೀಟು ಮೇಡಂ" ಎಂದು ಶುರುಮಾಡಿದ. ಬೆಳಗ್ಗೆ ಫೋನಿನಲ್ಲಿ ಮಾತಾಡಿದ ದನಿಯಲ್ಲಿ ನಾನು ಒಮ್ಮೆ ಕೆಮ್ಮಿದೆ. ಅಷ್ಟರಲ್ಲಿ, ಫೋನಿನ ಸಂಗತಿಯನ್ನು ನನ್ನಿಂದ ಆಗಲೇ ಕೇಳಿದ್ದ ಬುಗುರಿಯೇ ಮುಂದೆ ಬಂದಳು.

"ಮೊದಲು ಮೆಡಿಕಲ್. ಆಮೇಲೆ ಒಂದು ಸಲ ಹಾರ್ತೀನಿ. ಎಲ್ಲಿ ಸೇರೋದು ಅಂತ ಆಮೇಲೆ ಹೇಳ್ತೀನಿ. ನಿಮ್ಮಲ್ಲಿ ಸೀಟು ಧಾರಾಳವಾಗಿದೆಯಂತಲ್ಲ."

\* \* \*

ಮುಂದಿನ ವಾರ ಮೆಡಿಕಲ್ ಆಯಿತು. ಕಣ್ಣಿನ ಡಾಕ್ಟರು ಚುಕ್ಕೆ ಪುಸ್ತಕ ತಿರುವಿದಂತೆಲ್ಲ ಬುಗುರಿ ಪಟಪಟನೆ ಅಂಕೆ ಒದರಿದಳು. ಹೊರಗೆ ಬೆಂಚಿನ ಮೇಲೆ ಭಾವ ಕಣ್ಣುಮುಚ್ಚಿ ಕೂತಿದ್ದರು.

"ತಂದೆಗೊಬ್ಬರಿಗೇ ಇದ್ರೆ ಸಾಮಾನ್ಯವಾಗಿ ಮಗಳಿಗೆ ಬರೋದಿಲ್ಲ," ಎಂದರು ಡಾಕ್ಟರು. "ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ."

ಕೇಳುವುದಕ್ಕೂ ಬಾಯಿ ಬೇಕಲ್ಲ!

ಭಾನುವಾರ ಕ್ಯಾಪ್ಟನ್ ಅಜ್ಜ ಬುಗುರಿಯನ್ನು ಪುಟ್ಟ ವಿಮಾನದಲ್ಲಿ ಎಡಗಡೆ, ಪೈಲಟ್ ಕೂರುವ ಸೀಟಿನಲ್ಲೇ, ಕೂರಿಸಿಕೊಂಡರು. "ಹಿಂದೆ ಒಂದು ಸೀಟು ಖಾಲಿ ಇದೆ," ಎಂದು ಭಾವನ ಕಡೆ ನೋಡಿದರು. ಭಾವ ಎರಡು ಹೆಜ್ಜೆ ಹಿಂದೆ ಸರಿದರು. ಅಕ್ಕ ಬೆನ್ನಿಗೆ ಕೈ ಕೊಟ್ಟು ದಬ್ಬಿದಳು.

ಅರ್ಧ ಗಂಟೆ ನಾವಿಬ್ಬರೂ ಕತ್ತೆತ್ತಿ ನಿಂತೆವು. ಅಕ್ಕ ನನ್ನ ಕೈ ಹಿಂಡಿ ಹಿಪ್ಪೆ ಮಾಡಿದಳು.

ಇಳಿದ ಕೂಡಲೇ ಬುಗುರಿ ಬಾಗಿಲು ತೆರೆದು ಹಿಂದಕ್ಕೆ ತಿರುಗಿದಳು. "ಹೇಗಿತ್ತಪ್ಪ?"

ಭಾವ ಬೆಲ್ಟು ಬಿಚ್ಚಿರಲಿಲ್ಲ. ಕೆನ್ನೆಯೆಲ್ಲ ಒದ್ದೆ. ಬಾಯಿ ಕಿವಿಯವರೆಗೂ ಹಿಗ್ಗಿತ್ತು.

"ಇನ್ನೊಂದು ರೌಂಡ್ ಹೋಗೋಣ್ವಾ?" ಎಂದರು.

ಬುಗುರಿ ಗಹಗಹಿಸಿ ನಕ್ಕಳು. ಆಮೇಲೆ ಕ್ಯಾಪ್ಟನ್ ಅಜ್ಜನ ಕಡೆ ತಿರುಗಿ ನೆಟ್ಟಗೆ ನಿಂತಳು.

"ಅಜ್ಜ, ಸೋಮವಾರದಿಂದ ಇಲ್ಲೇ ಬರ್ತೀನಿ. ಒಂದೊಂದೇ ಲೈಸೆನ್ಸು. ನಮ್ಮಪ್ಪನ್ನ ನಾನೇ ಹಾರಿಸಬೇಕು ಅಂದ್ರೆ ಮೊದಲು ಯಾವುದು ಬೇಕು, ಅದರಿಂದಲೇ ಶುರು ಮಾಡಿ."