ಕೋಳಿ ಬಸ್ಸು ಹತ್ತಿದ ಪಾಠ

"ಮಕ್ಕಳಿಗೆ ಏನೂ ಬರ್ತಿಲ್ಲ ಮೇಡಂ. ಈ ಪುಸ್ತಕ ಬೇಡ ಅಂತ್ಲೇ ಬರೀತೀನಿ."

ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತು ರಘುನಂದನ್ ಹೀಗೆಂದಾಗ ಟೀಚರ್ ಶಿರೀಷಾ ತಲೆಯಾಡಿಸಿದಳು, ಅಷ್ಟೇ. ಮೊದಲ ಭೇಟಿಯಲ್ಲೇ ಇಂಥ ಮಾತು! ಬೇರೆಯವಳಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು.

ಮಂಚೇನಹಳ್ಳಿ ಹತ್ತಿರದ ಆ ಶಾಲೆಯ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಕಲಿಸಲು ಗೌರಿಬಿದನೂರಿನ ಟ್ರಸ್ಟೊಂದು ಎರಡು ಪುಸ್ತಕಗಳನ್ನು ಪ್ರಯೋಗಕ್ಕೆ ತಂದಿತ್ತು. ಒಂದು ಪೂರ್ತಿ ಇಂಗ್ಲಿಷ್. ಶಿರೀಷಾ ವರ್ಷದಿಂದ ಕಲಿಸುತ್ತಿದ್ದ ಇನ್ನೊಂದರಲ್ಲಿ ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಇಂಗ್ಲಿಷಿಗೆ ಬರಬೇಕು. ಯಾವುದು ಉಳಿಯಬೇಕೆಂದು ನೋಡಿ ಟ್ರಸ್ಟಿಗೆ ವರದಿ ಬರೆಯುವ ಕೆಲಸ ರಘುನಂದನನದು.

ಅವನು ಬರುವ ಮೊದಲು ಹೆಡ್‌ಮಿಸ್ ರಾಮಲಕ್ಷ್ಮಮ್ಮ ಮಕ್ಕಳನ್ನು ಗದರಿದ್ದರು, ಸಾಹೇಬರ ಮುಂದೆ ಒಬ್ಬರೂ ತೆಲುಗು ಮಾತಾಡಕೂಡದು ಎಂದು. ಶಾಲೆಯ ಮರ್ಯಾದೆ ಉಳಿಸುವ ಉಪಾಯವಂತೆ! ಮಕ್ಕಳು ತೆಲುಗಿನ ಜೊತೆ ಇಂಗ್ಲಿಷನ್ನೂ ನುಂಗಿಕೊಂಡು ಕುಳಿತರು.

ಶಿರೀಷಾ ಅದನ್ನು ಹೇಳಬಹುದಿತ್ತು. ಹೇಳಲಿಲ್ಲ. ಎರಡು ವರ್ಷದ ಹಿಂದೆ ನಿಶ್ಚಿತಾರ್ಥವಾಗಿದ್ದ ಹುಡುಗ ಫೋನಿನಲ್ಲೇ ಬೇಡವೆಂದಾಗಲೂ ಹೀಗೇ ಸುಮ್ಮನಿದ್ದಳು. ಅಂದಿನಿಂದ ನೋವೂ ಇಲ್ಲ, ನಲಿವೂ ಇಲ್ಲ. ಊಟ, ಪಾಠ, ನಿದ್ದೆ.

ಕೇಳದೆ ತೀರ್ಮಾನ ಮಾಡುವವನು ಇನ್ನೊಬ್ಬ ಬಂದ... ಎಂದುಕೊಂಡಳು. ಮಕ್ಕಳ ಮೇಲೆ ಕಾಳಜಿಯೇ ಇಲ್ಲದವಳು ಎಂದು ಅವನೂ ಅಂದುಕೊಂಡ.

ಹದಿನೈದು ದಿನದ ಮೇಲೆ ಪೂರ್ತಿ ಇಂಗ್ಲಿಷಿನ ಪುಸ್ತಕದ ಕಟ್ಟು ಹೊತ್ತು ಅವನು ಬಂದಾಗ ಬಿಸಿಯೂಟ ನಡೆದಿತ್ತು. ಜಗಲಿಯಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ತಂಗಿಗೆ ಪಾಠದ ಕಥೆ ಹೇಳುತ್ತಿದ್ದಳು, ಬಸ್ಸು ಹತ್ತಿದ ಕೋಳಿಯದು. ಕಥೆಯೆಲ್ಲ ತೆಲುಗು. ಕಂಡಕ್ಟರನ ಸರದಿ ಬಂದಾಗ ಮಾತ್ರ ದನಿ ಏರಿಸಿ, "ವೇರ್ ಈಸ್ ಯುವರ್ ಟಿಕೆಟ್?" ಎಂದಳು. ಕೋಳಿಯ ಉತ್ತರವೂ ಇಂಗ್ಲಿಷಿನಲ್ಲೇ ಬಂತು, ಒಂದು ತಪ್ಪಿಲ್ಲದೆ.

ರಘುನಂದನ್ ಕಟ್ಟನ್ನು ಕೆಳಗಿಟ್ಟ. ಅವತ್ತು ಯಾಕೆ ಬಾಯಿ ಬಿಡಲಿಲ್ಲವೆಂದು ಹುಡುಗಿಯನ್ನು ತೆಲುಗಿನಲ್ಲಿ ಕೇಳಿದ. ಅವಳು ಹೆಡ್‌ಮಿಸ್ ಗದರಿದ್ದನ್ನು ಹೇಳಿಬಿಟ್ಟಳು. ಅವನು ಊಟ ಬಡಿಸುತ್ತಿದ್ದ ಶಿರೀಷಾಳತ್ತ ತಿರುಗಿದ.

"ನೀವಾದ್ರೂ ಹೇಳ್ಬಹುದಿತ್ತಲ್ಲ ಮೇಡಂ?"

"ನೀವು ಕೇಳ್ಲಿಲ್ಲ ಸರ್."

ಮರುದಿನ ಟ್ರಸ್ಟಿನ ಸಭೆಯಲ್ಲಿ ತನ್ನ ವರದಿಯೇ ತಪ್ಪೆಂದು ಅವನು ಎಲ್ಲರೆದುರು ಒಪ್ಪಿಕೊಂಡ, ಬೈಸಿಕೊಂಡ. ಶಿರೀಷಾಳ ಪುಸ್ತಕ ಉಳಿಯಿತು. ಆಮೇಲೆ ಪ್ರತಿ ಶನಿವಾರ ಬಂದು ಹಿಂದಿನ ಸಾಲಿನಲ್ಲಿ ಕೂತು, ಪಾಠ ಮುಗಿದ ಮೇಲೆ ಅವಳನ್ನು ಕೇಳಿಯೇ ಬರೆದುಕೊಳ್ಳತೊಡಗಿದ. ಮೊದಮೊದಲು ಅವಳು ಒಂದೆರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಆಮೇಲೆ ಅವನ ಬಸ್ಸು ತಪ್ಪುವಷ್ಟು ಹೊತ್ತಾಗುತ್ತಿತ್ತು.

ವರ್ಷದ ಕೊನೆಯ ಶನಿವಾರ ಬರೆಯುವುದೇನೂ ಉಳಿದಿರಲಿಲ್ಲ.

"ಇನ್ಮೇಲೆ ಪುಸ್ತಕದ ನೆಪ ಇಲ್ಲ ಶಿರೀಷಾ. ನಿಮ್ಮನ್ನ ನೋಡಕ್ಕೇ ಬರ್ಲಾ? ನಿಮ್ಮನ್ನ ಮದ್ವೆ ಆಗೋ ಆಸೆ ನಂಗೆ."

ಅವಳು ತನ್ನೊಳಗೆ ಹುಡುಕಿದಳು. ಸಂತೋಷ ಸಿಗಲಿಲ್ಲ.

"ಸುಳ್ಳು ಹೇಳಲ್ಲ. ನಂಗೇನೂ ಅನ್ನಿಸ್ತಿಲ್ಲ... ಆದ್ರೆ ಮುಂದಿನ ಶನಿವಾರ ನೀವು ಬರಲ್ಲ ಅಂದ್ಕೊಂಡ್ರೆ ಭಯ ಆಗುತ್ತೆ."

ನಿಶ್ಚಿತಾರ್ಥ ಮುರಿದ ಆ ಫೋನ್ ಬಂದಾಗಿನಿಂದ ಮೊದಲ ಸಲ ಅವಳ ಕಣ್ಣು ತುಂಬಿತು.

"ಬರ್ತೀನಿ," ಎಂದ ಅವನು. "ಭಯ ಪಡ್ಬೇಡಿ."