ನೆರಳಿಗೆ ಸರಿಸಿದ ಡೋಲು

ಸೋಮವಾರ ಮಧ್ಯಾಹ್ನ ಮೂರೂವರೆಗೆ ವಕೀಲಮ್ಮ ಠಾಣೆಯ ಮೆಟ್ಟಿಲು ಹತ್ತಿ ಬಂದವರೇ, ದಫೇದಾರ ಕುರ್ಚಿ ತೋರಿಸುವ ಮೊದಲೇ ಹೇಳಿದರು: "ನನ್ನ ಬೀರು ಒಡೆದಿದ್ದಾರೆ. ಒಂದು ಕ್ಯಾಸೆಟ್ ಹೋಗಿದೆ."

ದಫೇದಾರ ಎತ್ತಿದ ಪೆನ್ನನ್ನು ಕೆಳಗಿಟ್ಟ. "ಕ್ಯಾಸೆಟ್ಟಾ ಮೇಡಂ? ಈ ಕಾಲದಲ್ಲಿ ಅದನ್ನ ಕದಿಯೋರೂ ಇದ್ದಾರಾ? ನಮ್ಮನೇಲಿ ಒಂದು ಮೂಟೆ ಇದೆ, ಬಂದು ಹೊತ್ಕೊಂಡು ಹೋಗೋಕೆ ಹೇಳಿ."

"ಅದು ಸಿಗದಿದ್ರೆ ಗುರುವಾರದಿಂದ ಅಕ್ಕ ತನ್ನ ಹಾಡು ಹಾಡೋ ಹಾಗಿಲ್ಲ."

ಪೆನ್ನು ಮತ್ತೆ ಮೇಲೆದ್ದಿತು.

ಆ ದ್ವೀಪದಲ್ಲಿ ಎಲ್ಲರಿಗೂ ಅಕ್ಕ ಎಂದರೆ ಒಬ್ಬಳೇ. ದೋಣಿಕಟ್ಟೆಯಲ್ಲಿ ಹಗಲೆಲ್ಲ ಬಲೆ ಹೆಣೆಯುತ್ತಾಳೆ, ಸಂಜೆ ಅಲ್ಲೇ ನಿಂತು ಹಾಡುತ್ತಾಳೆ. ದೋಣಿ ದಡಕ್ಕೆಳೆಯುವವರ ಉಸಿರಿಗೆ ಹೊಂದುವಂತೆ ಅವಳು ಕಟ್ಟಿದ ಒಂದು ಹಾಡು ಎಳೆಯ ಮಕ್ಕಳಿಗೂ ಬಾಯಿಪಾಠ. ಬಂಡೆಯ ಮೇಲಿನ ದೊಡ್ಡ ಹೋಟೆಲ್ಲಿನವರು ಒಂದು ಸಂಜೆ ಅದನ್ನು ಹಾಡಿಸಿದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು, "ಇಲ್ಲೊಂದು ಸಹಿ ಹಾಕಮ್ಮ, ಸುಮ್ಮನೆ ಒಂದು ಕ್ರಮ" ಎಂದು ಕಾಗದ ಮುಂದಿಟ್ಟರು. ಆರು ತಿಂಗಳಿಗೆ ನೋಟಿಸ್ ಬಂತು. ಹಾಡು ಹೋಟೆಲ್ಲಿನ ಸ್ವತ್ತು, ಅವರಿಗಾಗಿಯೇ ಕಟ್ಟಿಸಿದ್ದು, ಅನುಮತಿಯಿಲ್ಲದೆ ಹಾಡಿದರೆ ಕ್ರಮ! ಹೆತ್ತವಳು ತನ್ನ ಕೂಸನ್ನು ಎತ್ತಿಕೊಳ್ಳಲು ಎದುರುಮನೆಯವನ ಅಪ್ಪಣೆ ಕೇಳಬೇಕಂತೆ. ಹರಕು ಅಂಗಿಯವನು ಕದ್ದರೆ ಕಳ್ಳತನ. ಕೋಟು ಹಾಕಿಕೊಂಡವನು ಕದ್ದರೆ ಒಪ್ಪಂದ.

ವಕೀಲಮ್ಮ ಇದ್ದದ್ದೇ ಇಂಥವಕ್ಕಾಗಿ. ಹಡಗಿನ ಟಿಕೆಟ್ ಕೌಂಟರಿನ ಮೇಲಿನ ತಗಡಿನ ಕೋಣೆಯಲ್ಲಿ ಕೂತು, ದ್ವೀಪದ ಹಾಡುವವರು, ಬಾರಿಸುವವರ ವ್ಯಾಜ್ಯಗಳನ್ನು ಪುಕ್ಕಟೆ ನೋಡುತ್ತಿದ್ದರು.

ಇನ್ಸ್‌ಪೆಕ್ಟರ್ ಒಳಗಿನಿಂದ ಬಂದು ಎದುರು ಕೂತರು.

"ಕ್ಯಾಸೆಟ್ಟಲ್ಲಿ ಏನಿದೆ?"

"ಅಕ್ಕ ಹುಡುಗಿಯಾಗಿದ್ದಾಗ ಮನೆಯಲ್ಲಿ ಅದೇ ಹಾಡು ಅಭ್ಯಾಸ ಮಾಡಿದ್ದು. ಹಿಂದಿನಿಂದ ರೇಡಿಯೋ ವಾರ್ತೆ ಕೇಳಿಸುತ್ತೆ, ಅದರಿಂದ ಯಾವ ವರ್ಷ ಅಂತ ಸ್ಪಷ್ಟವಾಗುತ್ತೆ. ಆಗ ಆ ಹೋಟೆಲ್ ಇರೋ ಜಾಗದಲ್ಲಿ ಬರೀ ಕಲ್ಲಿತ್ತು."

"ನಕಲು?"

"ಮಾಡಿಲ್ಲ. ಪೂರ್ತಿ ಕೇಳಿಯೂ ಇಲ್ಲ. ವಾರ್ತೆ ಬರೋವರೆಗೆ ಕೇಳಿ ಎತ್ತಿಟ್ಟೆ. ಹಳೇ ಟೇಪು, ಸುಮ್ಮನೆ ತಿರುಗಿಸಿದ್ರೆ ಹರಿದು ಕೈಗೆ ಬರುತ್ತೆ. ಗುರುವಾರ ವಿಚಾರಣೆ, ಕೋರ್ಟಲ್ಲೇ ಹಾಕಿಸೋಣ ಅಂತಿದ್ದೆ."

"ಯಾರ ಮೇಲಾದ್ರೂ ಅನುಮಾನ?"

"ಅದನ್ನೂ ನಾನೇ ಹೇಳ್ಬೇಕಾ?" ಎಂದರು ವಕೀಲಮ್ಮ, ಕಿಟಕಿಯಾಚೆ ಬಂಡೆಯ ಕಡೆ ನೋಡುತ್ತ.

ಎಫ್‌ಐಆರ್ ದಾಖಲಾಯಿತು. ನಾಲ್ಕೂಕಾಲಿಗೆ ಇನ್ಸ್‌ಪೆಕ್ಟರ್, ದಫೇದಾರ ಮತ್ತು ಇಬ್ಬರು ಪಂಚರು ತಗಡಿನ ಕೋಣೆಯಲ್ಲಿದ್ದರು. ಬಾಗಿಲಿನ ಕೀಲಿ ಕೆಳಗೆ ಟಿಕೆಟ್ ಕೌಂಟರಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ, ಅದು ಊರಿಗೆಲ್ಲ ಗೊತ್ತು. ಬೀರುವಿನ ಬೀಗವನ್ನು ಕಬ್ಬಿಣದ ಸಲಾಕೆಯಿಂದ ಮೀಟಲಾಗಿತ್ತು. ವಕೀಲಮ್ಮ ಊಟಕ್ಕೆ ಹೋದದ್ದು ಒಂದು ಗಂಟೆಗೆ, ಬಂದದ್ದು ಮೂರಕ್ಕೆ. ಬೆರಳಚ್ಚು ಇರಲಿಲ್ಲ, ಬೀರು ಒರೆಸಿತ್ತು.

"ಬೇರೆ ಏನಾದ್ರೂ ಅಲುಗಾಡಿದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

ವಕೀಲಮ್ಮ ಸುತ್ತ ನೋಡಿದರು. ಬಂದರಿನವರು ಜಪ್ತಿ ಮಾಡಿದ್ದ ಒಂದು ಡೋಲನ್ನು ಅವರು ಬೆಳಿಗ್ಗೆಯಷ್ಟೇ ಬಿಡಿಸಿ ತಂದಿದ್ದರು. "ಈ ಡೋಲು ಕಿಟಕಿ ಕಟ್ಟೆ ಮೇಲಿತ್ತು. ಮೂಲೆಗೆ ಹೇಗೆ ಬಂತು?"

ಡೋಲು ಮೂಲೆಯ ನೆರಳಿನಲ್ಲಿತ್ತು. ಮೇಲೆ ಮೇಜು ಒರೆಸುವ ಬಟ್ಟೆ ಹೊದಿಸಿತ್ತು. ಹಗ್ಗಗಳನ್ನು ಸಡಿಲಿಸಿ ತುದಿಯನ್ನು ಗಂಟು ಹಾಕಿತ್ತು.

ದಫೇದಾರ ಕುಕ್ಕರಗಾಲಲ್ಲಿ ಕೂತು ನೋಡಿದ. "ಸರ್, ಮಧ್ಯಾಹ್ನದ ಬಿಸಿಲು ಬಿದ್ದರೆ ಚರ್ಮ ಬಿಗಿದು ಸೀಳುತ್ತೆ. ಕದಿಯೋಕೆ ಬಂದ ಮಹಾರಾಯ ಡೋಲಿಗೆ ನೆರಳು ಮಾಡಿ ಹೋಗಿದ್ದಾನೆ."

"ಹೋಟೆಲ್ಲಿನವರು ಮಾಡೋ ಕೆಲಸ ಅಲ್ಲ ಇದು."

"ಅವರು ಅದರ ಮೇಲೆ ಟೀ ಲೋಟ ಇಡ್ತಿದ್ರು ಸರ್."

ಗಂಟನ್ನು ಬಿಚ್ಚದೆ ಫೋಟೋ ತೆಗೆದು, ಪಂಚನಾಮೆ ಬರೆದು, ಡೋಲನ್ನು ವಶಕ್ಕೆ ಪಡೆದರು.

ಆದರೂ ಇನ್ಸ್‌ಪೆಕ್ಟರ್ ಮಂಗಳವಾರ ಬೆಳಿಗ್ಗೆ ಹೋಟೆಲ್ಲಿಗೆ ಹೋಗಿ ಬಂದರು, ಹೋಗಲೇಬೇಕಿತ್ತು. ಮ್ಯಾನೇಜರ್ ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಸೋಮವಾರ ಮಧ್ಯಾಹ್ನ ತನ್ನ ಸಿಬ್ಬಂದಿಯೆಲ್ಲ ಎಲ್ಲಿದ್ದರೆಂದು ಕ್ಯಾಮೆರಾ ಚಿತ್ರಗಳನ್ನೇ ತೋರಿಸಿದ. ಕ್ಯಾಸೆಟ್ ಕಳೆದದ್ದು ಕೇಳಿ "ಅಯ್ಯೋ ಪಾಪ" ಎಂದ. ಹಾಗೆನ್ನುವಾಗ ಅವನ ಮುಖದಲ್ಲಿದ್ದ ಸಂತೋಷ ಕಂಡು ದಫೇದಾರನಿಗೆ ಕೈ ತುರಿಸಿತು. ಆದರೆ ಸಂತೋಷಪಟ್ಟದ್ದಕ್ಕೆ ಬಂಧಿಸಲು ಕಾನೂನಿಲ್ಲ.

ಅಲ್ಲಿಂದ ನೇರ ದೋಣಿಕಟ್ಟೆಗೆ. ಅಕ್ಕ ಕಾಲು ಚಾಚಿ, ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಹೆಣೆಯುತ್ತಿದ್ದಳು. ಸೋಮವಾರವಿಡೀ ಅವಳು ಅಲ್ಲಿಂದ ಎದ್ದಿರಲಿಲ್ಲ ಎಂದು ಸುತ್ತಲಿನ ಹತ್ತು ಬಾಯಿಗಳು ಹೇಳಿದವು. ಇನ್ಸ್‌ಪೆಕ್ಟರ್ ಫೋಟೋ ತೋರಿಸಿದರು.

"ಈ ಗಂಟು ಯಾರದು ಗೊತ್ತಾ?"

ಅಕ್ಕ ಅದರ ಕಡೆ ಸರಿಯಾಗಿ ಕಣ್ಣು ಹಾಯಿಸಲೂ ಇಲ್ಲ. "ಗೊತ್ತಿಲ್ಲ ಸಾಹೇಬ್ರೆ."

"ನೋಡೇ ಇಲ್ವಲ್ಲ?"

"ಕಣ್ಣು ಸರಿ ಕಾಣಲ್ಲ."

ಅಷ್ಟು ಹೇಳುತ್ತಲೇ ಅವಳು ಕೂದಲಿನಷ್ಟು ತೆಳ್ಳಗಿನ ದಾರಕ್ಕೆ ಸರಸರನೆ ಗಂಟು ಹಾಕಿದಳು. ಇನ್ಸ್‌ಪೆಕ್ಟರ್ ಆ ಗಂಟನ್ನೂ ನೋಡಿದರು, ಫೋಟೋವನ್ನೂ ನೋಡಿದರು. ಎರಡೂ ಒಂದೇ, ಬಲೆ ಹೆಣೆಯುವವರ ಗಂಟು. ಡೋಲು ಬಾರಿಸುವವರು ಅದನ್ನು ಹಾಕುವುದಿಲ್ಲ.

ದಾರಿಯಲ್ಲಿ ದಫೇದಾರ ಬಾಯಿ ಬಿಟ್ಟ. "ಸರ್, ಅಕ್ಕನ ತಮ್ಮ..."

"ಗೊತ್ತು. ಆದ್ರೆ ಗೊತ್ತು ಅಂತ ಕೋರ್ಟಲ್ಲಿ ಹೇಳೋಕಾಗಲ್ಲ. ದ್ವೀಪದಲ್ಲಿ ಡೋಲು ಬಾರಿಸೋರನ್ನೆಲ್ಲ ನಾಳೆ ಕರೀರಿ. ಡೋಲು ಸಮೇತ. ಪಂಚರೂ ಇರಲಿ."

ಬುಧವಾರ ಹನ್ನೊಂದು ಗಂಟೆಗೆ ಮೂವರು ಬಂದರು. ಒಬ್ಬ ಬಸ್ ಡ್ರೈವರ್, ಒಬ್ಬರು ಬ್ಯಾಂಡಿನ ತಾತ, ಇನ್ನೊಬ್ಬ ಅಕ್ಕನ ತಮ್ಮ ಗುಡುಗಣ್ಣ. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿತ್ತು. ಅಕ್ಕನ ಹಾಡಿನ ನಡುವೆ ಒಮ್ಮೆಲೇ ತಡೆದು, ಮತ್ತೆ ಗುಡುಗಿನ ಹಾಗೆ ಉರುಳಿ ಬರುವ ಒಂದು ಪೆಟ್ಟು ಇತ್ತು. ಊರವರು ಅದನ್ನು ಗುಡುಗಣ್ಣನ ಪೆಟ್ಟು ಎನ್ನುತ್ತಿದ್ದರು. ಅದನ್ನು ಕಲಿಯಲೆಂದೇ ಅವನ ಬಳಿ ಜನ ಬರುತ್ತಿದ್ದರು.

ಇನ್ಸ್‌ಪೆಕ್ಟರ್ ಡೋಲುಗಳನ್ನು ಅಂಗಳದ ಬಿಸಿಲಿನಲ್ಲೇ ಇರಿಸಿ, ಮೂವರನ್ನೂ ಜಗಲಿಯ ಬೆಂಚಿನ ಮೇಲೆ ಕೂರಿಸಿ, ಮೆರವಣಿಗೆ, ಪರವಾನಗಿ, ಸದ್ದಿನ ದೂರು ಎಂದು ಏನೇನೋ ಕೇಳತೊಡಗಿದರು. ಮಾತು ಬಾಯಲ್ಲಿದ್ದರೂ ಮೂವರ ಕಣ್ಣೂ ಅಂಗಳದಲ್ಲಿತ್ತು. ಕಾಲು ಗಂಟೆಯೂ ತಡೆಯಲಿಲ್ಲ.

"ಸಾಹೇಬ್ರೆ," ಎಂದರು ತಾತ, "ನನ್ನ ಬೇಕಾದ್ರೆ ಬಿಸಿಲಲ್ಲಿ ನಿಲ್ಸಿ. ಅದನ್ನ ಬೇಡ."

"ಹೋಗಿ, ನೆರಳಿಗೆ ಇಟ್ಟು ಬನ್ನಿ."

ಮೂವರೂ ಓಡಿದರು. ತಾತ ಹಗ್ಗದ ತುದಿಯನ್ನು ಸುತ್ತಿ ಒಳಗೆ ಸಿಕ್ಕಿಸಿದರು. ಡ್ರೈವರ್ ಕುಣಿಕೆ ಹಾಕಿದ. ಗುಡುಗಣ್ಣನ ಬೆರಳುಗಳು ತಮ್ಮ ಪಾಡಿಗೆ ತಾವು ಬಲೆಯ ಗಂಟು ಹಾಕಿದವು. ಕೈ ತೆಗೆದ ಮೇಲೆ ಅವನು ತಲೆಯೆತ್ತಿದ. ದಫೇದಾರ ಸೋಮವಾರದ ಡೋಲನ್ನು ತಂದು ಅದರ ಪಕ್ಕದಲ್ಲಿಟ್ಟ.

"ನಿನ್ನ ಗಂಟಾ?" ಇನ್ಸ್‌ಪೆಕ್ಟರ್ ಕೇಳಿದರು.

ಗುಡುಗಣ್ಣ ಎರಡನ್ನೂ ನೋಡಿದ. "ಹೌದು ಸರ್."

"ಕ್ಯಾಸೆಟ್ ಎಲ್ಲಿ?"

"ಮನೇಲಿ. ಅಕ್ಕಿ ಡಬ್ಬದಲ್ಲಿ. ತೇವ ತಾಗಬಾರದು ಅಂತ."

"ಕದ್ದು ತಂದಿದ್ದಕ್ಕೆ ತೇವದ ಚಿಂತೆ ಬೇರೆ," ಎಂದ ದಫೇದಾರ.

"ನಮ್ಮಕ್ಕನ ದನಿ ಕಣಣ್ಣ ಅದು."

ಪಂಚರ ಸಮಕ್ಷಮದಲ್ಲಿ ಅಕ್ಕಿ ಸುರಿದು ಕ್ಯಾಸೆಟ್ ತೆಗೆದು ಮೊಹರು ಮಾಡಿದರು. ಮಧ್ಯಾಹ್ನ ಎರಡು ಗಂಟೆಗೆ ಬಂಧನ ದಾಖಲಾಯಿತು.

"ವಕೀಲರನ್ನ ಇಟ್ಕೊಳ್ಳೋ ಹಕ್ಕಿದೆ ನಿನಗೆ," ಎಂದರು ಇನ್ಸ್‌ಪೆಕ್ಟರ್.

"ನಮ್ಮಂಥೋರಿಗೆ ಇರೋದು ಒಬ್ಬರೇ ಸರ್. ಅವರೇ ದೂರು ಕೊಟ್ಟಿರೋರು."

ದಫೇದಾರನಿಗೆ ನಗು ತಡೆಯಲಾಗಲಿಲ್ಲ. ಗುಡುಗಣ್ಣನೂ ನಕ್ಕ. ಆಮೇಲೆ ಇದ್ದಕ್ಕಿದ್ದ ಹಾಗೆ ಮುಖ ಮುಚ್ಚಿಕೊಂಡ.

"ಯಾಕೆ ಮಾಡ್ದೆ?" ಇನ್ಸ್‌ಪೆಕ್ಟರ್ ಕೇಳಿದರು. "ಹಾಡು ಆ ಹೋಟೆಲ್ ಪಾಲಾಗ್ತಿತ್ತಲ್ಲೋ."

"ಹಾಡಿಗೆ ಬೇರೆ ಸಾಕ್ಷಿ ಸಿಗುತ್ತೆ ಅಂದ್ಕೊಂಡೆ. ವಿಚಾರಣೆ ಮುಂದಕ್ಕೆ ಹೋದ್ರೆ ಸಾಕಿತ್ತು." ಅವನು ಮುಖದಿಂದ ಕೈ ತೆಗೆದ: "ಆ ಟೇಪಲ್ಲಿ ನಾನೂ ಇದ್ದೀನಿ ಸರ್. ಬಾರಿಸೋಕೆ ಬರ್ತಿಲ್ಲ. ಅವಳು ಬೈದು ಬೈದು ಹೇಳ್ಕೊಡ್ತಾಳೆ. ಆ ಪೆಟ್ಟು... ಅದೂ ಅವಳದೇ. ಕೋರ್ಟಲ್ಲಿ ಜೋರಾಗಿ ಹಾಕ್ತಾರೆ. ನನ್ನ ಹತ್ರ ಕಲಿಯೋರೆಲ್ಲ ಬಂದಿರ್ತಾರೆ."

ಗುರುವಾರ. ದ್ವೀಪಕ್ಕೆ ಇರುವುದು ಒಂದೇ ನ್ಯಾಯಾಲಯ, ಒಬ್ಬರೇ ನ್ಯಾಯಾಧೀಶರು. ಕಳ್ಳತನದ ಆರೋಪಿಯನ್ನು ಹಾಜರುಪಡಿಸುವುದೂ ಅಲ್ಲಿಗೇ, ಹಾಡಿನ ದಾವೆ ನಡೆಯುವುದೂ ಅಲ್ಲೇ. ಗುಡುಗಣ್ಣ ಇಬ್ಬರು ಕಾನ್ಸ್‌ಟೇಬಲ್‌ಗಳ ನಡುವೆ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅಕ್ಕ ಮುಂದೆ ಕೂತಿದ್ದಳು, ತಿರುಗಿ ನೋಡಲಿಲ್ಲ.

ಪೊಲೀಸರು ಮೊಹರು ಒಡೆದರು. ಟೇಪು ತಿರುಗಿತು. ರೇಡಿಯೋ ವಾರ್ತೆ ಗೊರಗೊರ ಎಂದಿತು, ಅದರ ಮೇಲೆ ಒಂದು ಎಳೆಯ ಕಂಠ ಹಾಡಿತು. ಡೋಲು ಎಡವಿತು. ಹಾಡು ನಿಂತು ಆ ಕಂಠ ಬೈಯಿತು: "ಅಯ್ಯೋ ಹಾಗಲ್ವೋ ಪೆದ್ದ! ನನ್ನ ಕೈ ನೋಡು. ತಡಿ, ತಡಿ... ಈಗ ಬಿಡು!" ಮತ್ತೆ ಡೋಲು ಎಡವಿತು. ಆಮೇಲೆ ಡೋಲು ಕಿತ್ತುಕೊಂಡ ಸದ್ದು. ಆಮೇಲೆ ಊರಿಗೆಲ್ಲ ಗೊತ್ತಿದ್ದ ಆ ಗುಡುಗು, ಎಲ್ಲೂ ಎಡವದೆ, ಉರುಳಿ ಬಂತು.

ಕೋಣೆಯಲ್ಲಿ ಗುಸುಗುಸು ಎದ್ದಿತು. ಕೆಲವರು ಹಿಂದೆ ತಿರುಗಿದರು.

ಹೋಟೆಲ್ಲಿನ ವಕೀಲ ಕೋಟು ಸರಿಪಡಿಸಿಕೊಂಡು ಎದ್ದ. "ಯಾರೋ ಹುಡುಗಿ, ಯಾರೋ ಹುಡುಗ. ಇದು ಇವರದೇ ದನಿ ಅಂತ ಹೇಳೋಕೆ ಆಗ ಅಲ್ಲಿದ್ದ ಒಬ್ಬರಾದ್ರೂ ಇದ್ದಾರಾ?"

ವಕೀಲಮ್ಮ ಸಾಕ್ಷಿಗಳ ಪಟ್ಟಿ ತಿರುವಿದರು. ತಾಯಿ ತಂದೆ ತೀರಿಹೋಗಿದ್ದರು. ಅಕ್ಕ ತನ್ನ ಪರ ತಾನೇ ಹೇಳಿದರೆ ನಡೆಯುವುದಿಲ್ಲ.

ಹಿಂದಿನ ಬೆಂಚು ಕಿರುಗುಟ್ಟಿತು. ಕಾನ್ಸ್‌ಟೇಬಲ್ ತೋಳು ಹಿಡಿದೆಳೆದರೂ ಗುಡುಗಣ್ಣ ಕೂರಲಿಲ್ಲ.

"ಆ ಪೆದ್ದ ನಾನೇ ಸ್ವಾಮಿ," ಎಂದ. ಇಡೀ ಕೋಣೆಗೆ ಕೇಳಿಸಿತು. "ಹಾಡು ಅಕ್ಕಂದು. ಡೋಲಿನ ಪೆಟ್ಟೂ ಅಕ್ಕಂದೇ. ನಾನು ಕಲಿತೋನು."

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಕಟಕಟೆಗೆ ಬಂದು ಪ್ರಮಾಣ ಮಾಡಿ ಹೇಳಿ."

ಅವನು ಹೇಳಿದ. ಹೋಟೆಲ್ಲಿನ ವಕೀಲ ಅರ್ಧ ಗಂಟೆ ತಿರುಗಿಸಿ ಮುರುಗಿಸಿ ಕೇಳಿದ. ಕಳ್ಳನ ಮಾತು ನಂಬೋದು ಹೇಗೆ ಎಂದೂ ಕೇಳಿದ.

"ಆ ಹುಡುಗ ನಾನಲ್ಲ ಅಂತ ಸುಳ್ಳು ಹೇಳೋನಾಗಿದ್ರೆ ಇದನ್ನ ಕದಿಯೋ ಕೆಲಸವೇ ಇರ್ಲಿಲ್ಲ ಸ್ವಾಮಿ."

ಮಧ್ಯಾಹ್ನದ ವೇಳೆಗೆ ಹೋಟೆಲ್ಲಿನ ನೋಟಿಸಿಗೆ ತಡೆಯಾಜ್ಞೆ ಸಿಕ್ಕಿತು. ಅಂತಿಮ ತೀರ್ಪಿನವರೆಗೆ ಅಕ್ಕ ಎಲ್ಲಿ ಬೇಕಾದರೂ ಹಾಡಬಹುದು. ಕಳ್ಳತನದ ಕೇಸು ಬೇರೆ, ಅದು ನಡೆದೇ ನಡೆಯುತ್ತದೆ. ಜಾಮೀನಿಗೆ ವಕೀಲಮ್ಮ ಆಕ್ಷೇಪ ಎತ್ತಲಿಲ್ಲ, ಅದು ಸಿಕ್ಕಿತು.

ಹೊರಗಿನ ಜಗಲಿಯಲ್ಲಿ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬಿಚ್ಚಿ, ಕಾರಣ ಎಂದಿದ್ದಲ್ಲಿ ಬರೆದರು: ಊರು ಕೊಟ್ಟ ಹೆಸರು ಕೈತಪ್ಪುವ ಭಯ. ಪಕ್ಕದಲ್ಲಿ ಅಕ್ಕ ನಿಂತಿದ್ದಳು.

"ಇಷ್ಟು ವರ್ಷ ನೀವ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ನಾಚಿಕೊಂಡು ಬಾರಿಸೋದೇ ಬಿಟ್ಟುಬಿಡ್ತಿದ್ದ ಸಾಹೇಬ್ರೆ. ಇವನಷ್ಟು ಚೆನ್ನಾಗಿ ನನಗೂ ಬರಲ್ಲ ಈಗ."

ಅಷ್ಟರಲ್ಲಿ ಗುಡುಗಣ್ಣನನ್ನು ಹೊರಗೆ ಕರೆತಂದರು. ಅವನು ತಲೆ ತಗ್ಗಿಸಿದ್ದ. ಅಕ್ಕ ಹೋಗಿ ಅವನ ತಲೆಗೊಂದು ಮೊಟಕಿದಳು.

"ಸುರಿದ ಅಕ್ಕಿ ಎಲ್ಲ ಹಾಗೇ ನೆಲದ ಮೇಲೆ ಬಿದ್ದಿದೆಯಂತೆ. ನಡಿ, ನಿನ್ನ ಹೆಂಡತಿ ಕಾಯ್ತಿದ್ದಾಳೆ."