ಬಿಟ್ಟು ಹೋದವರ ಉಸಿರು

ತಪಾಸಣೆಯ ಕೊಳವೆಗೆ ಬಾಯಿ ಹಚ್ಚಿ ಊದುತ್ತಿದ್ದವನು ಅರ್ಧಕ್ಕೇ ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು ನಕ್ಕುಬಿಟ್ಟ. ಆ ನಗುವಿಗೇ ಉಜ್ವಲಾ ಸೋತದ್ದು!

ನಿಪ್ಪಾಣಿಯ ತಂಬಾಕಿನ ವಖಾರಕ್ಕೆ, ಅಂದರೆ ಗೋದಾಮಿಗೆ, ಕೆಲಸಗಾರರ ಶ್ವಾಸಕೋಶ ಪರೀಕ್ಷಿಸಲು ಬಂದ ಡಾಕ್ಟರ್ ಅವಳು. ಅವನು ದುಂಡೇಶ, ಮೂರು ವರ್ಷದಿಂದ ಅಲ್ಲಿ ತಂಬಾಕು ಜರಡಿ ಹಿಡಿಯುವವನು.

ತಿಂಗಳೊಪ್ಪತ್ತಿನಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ನೋಡದೆ ದಿನ ಹೋಗದಂತಾಯಿತು.

"ಧೂಳಾ ತಡಿಯಾಕ ಆಗವಲ್ದು. ಕೆಲಸಾ ಬಿಡ್ಲೇನ್ರಿ ಡಾಕ್ಟರ್ ಬಾಯಾರ?" ಒಂದು ದಿನ ಅವನು ಕೇಳಿದ.

ಬಿಟ್ಟರೆ ಇವನನ್ನು ನೋಡುವುದೆಲ್ಲಿ...? ಅವಳ ಜೀವ ಹೊಯ್ದಾಡಿತು. ಕೈಯಲ್ಲಿ ತಪಾಸಣೆಯ ಲೆಕ್ಕವೂ ಇತ್ತಲ್ಲ: ಇಪ್ಪತ್ತು ವರ್ಷ ದುಡಿದವರ ಎದೆ ಮೂರು ವರ್ಷದವರಿಗಿಂತ ಗಟ್ಟಿ.

"ಬಿಡಬ್ಯಾಡ್ರಿ. ಹಳಬರನ್ನ ನೋಡ್ರಿ, ರೂಢಿ ಆಗತೈತಿ."

ಅವನು ನಂಬಿದ. ಅವಳು ವರದಿ ಕೊಟ್ಟು ಬೆಳಗಾವಿಗೆ ಹೋದಳು. ಮೊದಮೊದಲು ದಿನಾ ಫೋನು... ಆಮೇಲೆ ಅವನು ಎತ್ತುವುದನ್ನೇ ಬಿಟ್ಟ. 'ಮರತಾನ ಬಿಡು' ಎಂದು ಸಿಟ್ಟಿನಲ್ಲೇ ಎರಡು ವರ್ಷ ಕಳೆದಳು, ಹುಚ್ಚಿ!

ಕಬ್ಬೂರಿನ ಆರೋಗ್ಯ ಶಿಬಿರಕ್ಕೆ ಗೌರಾಬಾಯಿ ಎಂಬಾಕೆ ಏದುಸಿರು ಬಿಡುತ್ತ ಬಂದಾಗಲೇ ಕಣ್ಣು ತೆರೆದದ್ದು. ಅದೇ ವಖಾರದಲ್ಲಿ ಏಳು ವರ್ಷ ದುಡಿದವಳು.

"ನಿಮ್ಮ ಹೆಸರು ನನ್ನ ಪಟ್ಟಿಯೊಳಗ ಇರಲಿಲ್ಲಲ್ರಿ?" ಉಜ್ವಲಾ ಕೇಳಿದಳು.

"ನೀವು ಬರೂದಕ್ಕಿಂತ ಮೊದಲ ಬಿಟ್ಟಿದ್ನ್ರಿ. ಎದಿ ಕೆಟ್ಟವ್ರೆಲ್ಲಾ ಮನಿ ಹಿಡದೇವಿ. ಗಟ್ಟಿ ಇದ್ದವ್ರಷ್ಟ ಇಪ್ಪತ್ತ ವರ್ಷ ಉಳದಾರ."

ಉಜ್ವಲಾಳಿಗೆ ಲೆಕ್ಕದ ತಪ್ಪು ಹೊಳೆಯಿತು. ಧೂಳಿಗೆ ಯಾರೂ ರೂಢಿಯಾಗಿರಲಿಲ್ಲ. ಸೋತವರು ಒಬ್ಬೊಬ್ಬರಾಗಿ ಹೋಗಿದ್ದರು, ಅವಳು ಉಳಿದವರನ್ನಷ್ಟೇ ಅಳೆದಿದ್ದಳು. ದೇವರೇ, ಆ ಲೆಕ್ಕ ನಂಬಿ ದುಂಡೇಶ...

ಅಂದೇ ನಿಪ್ಪಾಣಿಗೆ ಓಡಿದಳು. ವಖಾರದಲ್ಲಿ ಕೇಳಿದರೆ, ಕಳೆದ ದೀಪಾವಳಿಗೇ ಕೆಲಸ ಬಿಟ್ಟನೆಂದರು. ಮನೆ ಹುಡುಕಿ ಹೋದಾಗ ಅವನು ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ.

"ಫೋನ್ ಯಾಕ ಎತ್ತಲಿಲ್ರಿ?"

"ಮಾತಾಡಾಕ ಹ್ವಾದ್ರ ದಮ್ಮ ಹತ್ತತಿತ್ರಿ. ನಿಮಗ ಕೇಳಸಬಾರದಂತ..."

ಅವಳು ಅವನ ಪಕ್ಕದಲ್ಲೇ ಕುಸಿದು ಕೂತಳು.

"ನನ್ನ ಲೆಕ್ಕಾ ತಪ್ಪಿತ್ತು, ದುಂಡೇಶ. ಅದಕ್ಕಿಂತ... ನೀವು ನನ್ನ ಕಣ್ಣಮುಂದ ಇರ್ಲಿ ಅಂತ ಆಸೆ ಇತ್ತು. ಅದಕ್ಕ ಬಿಡಬ್ಯಾಡ್ರಿ ಅಂದೆ. ಬಿಟ್ಟವ್ರನ್ನೆಲ್ಲಾ ಹುಡುಕಿ ವರದಿ ತಿದ್ದತೀನಿ. ನಿಮ್ಮ ಎದಿ ಮಾತ್ರ ತಿದ್ದಾಕ ಬರೂದಿಲ್ಲ."

ಅವನು ಇಲ್ಲವೆಂಬಂತೆ ತಲೆಯಾಡಿಸಿದ.

"ಲೆಕ್ಕಾ ನಂಬಿ ಉಳಿಲಿಲ್ರಿ ನಾ. ನೀವು ಇನ್ನೊಮ್ಮಿ ತಪಾಸಣಿಗೆ ಬರ್ತೀರಿ ಅಂತ ಉಳದಿದ್ನಿ."

ಉಜ್ವಲಾಳಿಗೆ ಅಳು ತಡೆಯಲಾಗಲಿಲ್ಲ. ಅವನ ಕೈ ಹಿಡಿದುಕೊಂಡಳು.

"ಈಗ ಬಂದೇನಿ. ಹೋಗೂದಿಲ್ಲ."

"ಮ್ಯಾಲ ನಡೀರಿ ಹಂಗಾರ. ನಡುವ ಮೂರ ಸಲಾ ನಿಂದ್ರಬೇಕಾಗತೈತಿ ನನಗ."

"ನಿಂದ್ರೂಣು," ಎಂದಳು.